ಪರದೆಯಕ್ಕ ‘ಏನೂ ಇಲ್ಲ’ ಅನ್ನದ ದಿನ

ಪರದೆಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಸುಳ್ಳೇನಲ್ಲ. ಆದರೆ ಆ ಗಡಿಗೇಟಿನಲ್ಲಿ ಒಂದು ವಾರ ಕೆಲಸ ಮಾಡಿಯೂ ಕೋಪ ನೆತ್ತಿಗೇರದವರು ಯಾರಾದರೂ ಇದ್ದರೆ, ಅವರನ್ನು ಮನುಷ್ಯರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಎರಡು ದೇಶಗಳ ನಡುವೆ ಹಾದುಹೋಗುವ ಒಂದು ಡಾಂಬರು ರಸ್ತೆ. ಈಚೆ ಒಂದು ಗೇಟು, ಆಚೆ ಒಂದು ಗೇಟು, ಎರಡಕ್ಕೂ ಕೆಂಪು ಬಿಳಿ ಬಳಿದ ಅಡ್ಡಕಂಬ. ಎರಡೂ ಕಡೆ ಜನರ ಮಾತು ಒಂದೇ, ಕಾಗದದ ಮೇಲಿನ ಮೊಹರು ಮಾತ್ರ ಬೇರೆ. ಬಸ್ಸು ಬಂದು ನಿಂತರೆ ಗಂಡಸರ ಮೈಯನ್ನು ಪೇದೆಗಳು ತಡವಿ ನೋಡುತ್ತಾರೆ. ಹೆಂಗಸರನ್ನು ತಡವಿ ನೋಡಲು ಹೆಂಗಸೇ ಬೇಕು ಎಂಬುದು ಕಾನೂನು. ಆ ಹೆಂಗಸು ಇವಳು. ತಗಡಿನ ಕೋಣೆ, ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಕನ್ನಡಿ. ಬಾಗಿಲಿಲ್ಲ, ಪರದೆ ಇದೆ. ಸರ್ಕಾರ ಕೊಟ್ಟ ಪರದೆ ಮೊಣಕಾಲಿಗೂ ಬರುತ್ತಿರಲಿಲ್ಲ. “ಇದರ ಹಿಂದೆ ನಿಮ್ಮನೆ ಹೆಂಗಸರನ್ನ ನಿಲ್ಲಿಸ್ತೀರಾ ಸಾರ್?” ಎಂದು ಸಾಹೇಬರ ಮುಖಕ್ಕೇ ಕೇಳಿ, ಮನೆಯಿಂದ ಎರಡು ಹಳೆಯ ಬೆಡ್‌ಶೀಟು ತಂದು, ನೆಲ ಮುಟ್ಟುವಂತೆ ಹೊಲಿದು ಹಾಕಿದಳು. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು ಪರದೆಯಕ್ಕ.

ಹೊಲಿಗೆ ಅವಳ ಹಳೆಯ ಕಸುಬು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿಯುತ್ತಿದ್ದವಳು. ಒಂದು ಬೆಳಿಗ್ಗೆ ಹೋದರೆ ಕಾರ್ಖಾನೆಗೆ ಬೀಗ, ಕಾವಲುಗಾರನೂ ಪತ್ತೆಯಿಲ್ಲ. ಗಂಡನದು ಗೇಟಿನ ಪಕ್ಕದಲ್ಲೇ ಪಂಕ್ಚರ್ ಅಂಗಡಿ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆ ಮನೆಯಲ್ಲಿ ಮಾತಿನ ಲೆಕ್ಕವನ್ನೆಲ್ಲ ಅತ್ತೆಯೊಬ್ಬಳೇ ತುಂಬುತ್ತಿದ್ದಳು. ಗೇಟಿನಲ್ಲಿ ಹೆಂಗಸಿನ ಕೆಲಸ ಖಾಲಿ ಇದೆ ಎಂದು ಗಂಡ ಹೇಳಿದಾಗ ಅತ್ತೆ, “ಸೇರಿಸಿಬಿಡು ಮಾರಾಯಾ, ಇವಳನ್ನ ನೋಡಿದ್ರೆ ಕಳ್ಳರು ಬೇರೆ ರಸ್ತೆ ಹಿಡೀತಾರೆ” ಅಂದಿದ್ದಳು.

ಕೆಲಸಕ್ಕೆ ಸೇರಿದ ದಿನ ಸಾಹೇಬರು ಏನೇನು ಹುಡುಕಬೇಕು ಅಂತ ಹೇಳಿಕೊಟ್ಟರು. ಚಿನ್ನ, ಮಾತ್ರೆ, ಮೊಬೈಲು. ಒಳಲಂಗದ ಅಂಚು ಮುಟ್ಟಿ ನೋಡು, ತುರುಬು ಬಿಚ್ಚಿಸಿ ನೋಡು. ಎಲ್ಲ ಸಾಮಾನಿನ ಮಾತು. ಎದುರಿಗೆ ನಿಂತಿರುವ ಮಗುವೇ ಸಾಮಾನಾಗಿರಬಹುದು ಅಂತ ಮಾತ್ರ ಯಾರೊಬ್ಬರೂ ಹೇಳಲಿಲ್ಲ.

ಅಲ್ಲಿ ಒಂದು ರೂಢಿ ಇತ್ತು. ಒಬ್ಬೊಬ್ಬಳನ್ನು ನೋಡಿ ಮುಗಿಸುತ್ತಿದ್ದಂತೆ ಪರದೆಯ ಹೊರಗಿನಿಂದ ಸಾಹೇಬರು ತಲೆ ಎತ್ತದೆಯೇ ಕೇಳುವರು, “ಏನಾದ್ರೂ ಇದೆಯಾ?” ಇವಳು ಒಳಗಿನಿಂದ “ಏನೂ ಇಲ್ಲ ಸಾರ್” ಅನ್ನಬೇಕು. ಅಷ್ಟಂದರೆ ಮೊಹರು ಬೀಳುತ್ತದೆ, ಕಂಬ ಮೇಲೇಳುತ್ತದೆ. ಅನ್ನದಿದ್ದರೆ ಇಲ್ಲ. ಸಾಹೇಬರ ಮೊಹರಿಗಿಂತ ದೊಡ್ಡ ಅಧಿಕಾರ ಆ ಎರಡು ಮಾತಿನಲ್ಲಿತ್ತು. ಹಾಗಂತ ಅವರಿಗೂ ಹೊಳೆದಿರಲಿಲ್ಲ, ಇವಳಿಗೂ ಹೊಳೆದಿರಲಿಲ್ಲ.

ಎರಡು ಗೇಟುಗಳ ನಡುವೆ ಒಂದು ತುಂಡು ರಸ್ತೆ ಇತ್ತು. ಅದನ್ನು ನಡುಜಾಗ ಅನ್ನುತ್ತಿದ್ದರು. ಒಂದು ಶೆಡ್ಡು, ಒಂದು ಕಲ್ಲುಬೆಂಚು, ಉಳಿದದ್ದೆಲ್ಲ ಕಸ. ಯಾಕೆಂದರೆ ಅದು ನಮ್ಮದಲ್ಲ ಎಂದು ಈಚೆಯವರು ಗುಡಿಸುವುದಿಲ್ಲ, ನಮ್ಮದಲ್ಲ ಎಂದು ಆಚೆಯವರೂ ಗುಡಿಸುವುದಿಲ್ಲ. ಕೊನೆಗೆ ಗುಡಿಸುತ್ತಿದ್ದವರು ಪರದೆಯಕ್ಕ ಮತ್ತು ಆಚೆಯ ಗೇಟಿನಲ್ಲಿ ಇವಳದೇ ಕೆಲಸ ಮಾಡುವ ಹೆಂಗಸು. ಅವಳನ್ನು ಇವಳು ಆಚೆಯಕ್ಕ ಅನ್ನುತ್ತಿದ್ದಳು. ಈಚೆ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಆಚೆಯಕ್ಕ ಬೆಳಿಗ್ಗೆ ಒಂದು ಕೊಡ ನೀರು ಬೆಂಚಿನ ಮೇಲೆ ತಂದಿಡುವಳು, ಇವಳು ಫ್ಲಾಸ್ಕಿನಲ್ಲಿ ಟೀ ಒಯ್ಯುವಳು. ಇಬ್ಬರೂ ಪೊರಕೆ ಹಿಡಿದರೆ ಆಚೆಯಕ್ಕನದು ದಿನಾ ಒಂದೇ ತಮಾಷೆ. “ನೋಡೇ, ಈ ಸಿಪ್ಪೆ ನಿಮ್ಮ ದೇಶದ್ದು, ನೀನೇ ಎತ್ತು.”

“ಸಿಪ್ಪೆಗೆ ಮೊಹರು ಹಾಕಿಸ್ಕೊಂಡು ಬಾ, ಎತ್ತೀನಿ” ಅಂತ ಇವಳು ಅನ್ನುವಳು.

ಒಂದು ಸಲ ದೊಡ್ಡವರ ಸಭೆ ಆಯಿತು. ಮಕ್ಕಳನ್ನು ಕದ್ದು ಗಡಿ ದಾಟಿಸಿ ಮಾರುವುದನ್ನು ಎರಡೂ ದೇಶ ಕೈಜೋಡಿಸಿ ತಡೆಯಬೇಕು ಅಂತ. ಎರಡೂ ಗೇಟಿಗೆ ಬ್ಯಾನರು ಕಟ್ಟಿದರು. ನೆರೆಹೊರೆಯ ಸಹಕಾರ, ಮಕ್ಕಳ ನಾಳೆ, ಇನ್ನೂ ಏನೇನೋ. ನಡುಜಾಗದಲ್ಲಿ ಕುರ್ಚಿ ಹಾಕಿದರು. ಹಿಂದಿನ ದಿನ ಅದನ್ನು ಗುಡಿಸಿದವರು ಯಾರು ಅಂತ ಹೇಳಬೇಕಾಗಿಲ್ಲ. ಈಚೆಯ ಸಾಹೇಬರೂ ಆಚೆಯ ಸಾಹೇಬರೂ ಕೈ ಕುಲುಕಿ ಫೋಟೋ ತೆಗೆಸಿಕೊಂಡರು, ಊಟ ಮಾಡಿದರು. ಕಡೆಯಲ್ಲಿ ಎರಡೂ ಕಚೇರಿಗೆ ಒಂದೊಂದು ಫೋನು ಬಂತು. ಇದನ್ನೆತ್ತಿದರೆ ಅದು ಬಡಿದುಕೊಳ್ಳಬೇಕು, ಅದನ್ನೆತ್ತಿದರೆ ಇದು. ಅನುಮಾನ ಬಂದ ಕೂಡಲೇ ಒಬ್ಬರಿಗೊಬ್ಬರು ತಿಳಿಸಲಿಕ್ಕೆ. ಧೂಳಾಗದಿರಲಿ ಅಂತ ಮರುದಿನವೇ ಎರಡೂ ಕಡೆ ಅದಕ್ಕೆ ಬಟ್ಟೆ ಹೊದಿಸಿದರು. ಮೊದಲು ಯಾರು ಫೋನು ಮಾಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ ಅಂತ ಸಾಹೇಬರು ಹೇಳಿದರು. ಫೋನು ಹಾಗೇ ಕೂತಿತು. ಬಿಸಿಲಿಗೆ ಬ್ಯಾನರು ಬೆಳ್ಳಗಾಯಿತು.

ಆ ದಿನ ಆಚೆಯಿಂದ ಬಂದ ಮಧ್ಯಾಹ್ನದ ಬಸ್ಸಿನಲ್ಲಿ ಅವರಿಬ್ಬರು ಇಳಿದರು. ಒಬ್ಬಳು ನೀಟಾಗಿ ಬಾಚಿಕೊಂಡ, ಮಿಂಚುವ ಕೈಚೀಲದ ಹೆಂಗಸು. ಜೊತೆಗೆ ಹತ್ತು ಹನ್ನೊಂದರ ಹುಡುಗಿ, ಅಂಗಡಿಯ ಮಡಿಕೆ ಇನ್ನೂ ಬಿಚ್ಚದ ಹೊಸ ಬಟ್ಟೆಯಲ್ಲಿ. ತಾಯಿ ಮಗಳು ಅಂತ ಕಾಗದ. ಕಾಗದ ಎಲ್ಲ ಸರಿ ಇತ್ತು, ಒಂದೂ ಕಡಿಮೆ ಇರಲಿಲ್ಲ. ಮೊದಲು ಮಗಳನ್ನು ಒಳಗೆ ಕಳಿಸಿದರು.

ಪರದೆಯಕ್ಕ ಹುಡುಗಿಯ ಬೆನ್ನ ಮೇಲೆ ಕೈಯಾಡಿಸಿದಳು. ಹೊಸ ಬಟ್ಟೆಯ ಅಡಿಯಲ್ಲಿ ಇನ್ನೊಂದು ಬಟ್ಟೆ ಸಿಕ್ಕಿತು. ಇದು ಹಳೇ ಆಟ, ಎರಡು ಪದರದ ನಡುವೆ ಏನೋ ಇಟ್ಟಿರುತ್ತಾರೆ. ಗುಂಡಿ ಬಿಚ್ಚಿ ನೋಡಿದಳು. ಒಗೆದು ಒಗೆದು ಬಣ್ಣ ಹೋದ ಒಂದು ಹಳೆಯ ಫ್ರಾಕು, ತೋಳಿನಲ್ಲಿ ತೇಪೆ. ನಡುವೆ ಏನೂ ಇರಲಿಲ್ಲ. ಇಂಥ ಸೆಖೆಯಲ್ಲಿ ಬೆವರು ನೀರಾಗಿ ಇಳಿಯುತ್ತಿತ್ತು.

“ಯಾಕೆ ಪುಟ್ಟಾ, ಎರಡೆರಡು ಹಾಕ್ಕೊಂಡಿದೀಯ? ತೆಗೆದುಬಿಡು, ಬೆಂದುಹೋಗ್ತೀಯ.”

ಹುಡುಗಿ ಎರಡೂ ಕೈಯಿಂದ ಫ್ರಾಕನ್ನು ಅವುಚಿಕೊಂಡಳು. ಆಮೇಲೆ ಪರದೆಯ ಕಡೆ ಒಮ್ಮೆ ನೋಡಿ, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದಳು. “ಬೇಡ. ಅಮ್ಮ ಹುಡುಕ್ಕೊಂಡು ಬರ್ತಾಳೆ. ಹೊಸ ಬಟ್ಟೇಲಿ ಅವಳಿಗೆ ನನ್ನ ಗುರುತು ಸಿಗಲ್ಲ.”

“ಅಮ್ಮ ಹೊರಗೆ ನಿಂತಿದಾಳಲ್ಲ?”

ಹುಡುಗಿ ತಲೆ ತಗ್ಗಿಸಿದಳು. ಫ್ರಾಕನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಪರದೆಯಕ್ಕನಿಗೆ ಸಿಟ್ಟು ಬಂತು. ಹೊರಗಿದ್ದವಳ ಮೇಲಲ್ಲ, ಮೊದಲು ತನ್ನ ಮೇಲೆಯೇ. ಈ ಪರದೆಯೊಳಗೆ ಎಷ್ಟು ಹೆಣ್ಣುಮಕ್ಕಳು ನಿಂತಿದ್ದರು, ಎಷ್ಟು ಜನರ ತುರುಬು ಬಿಚ್ಚಿಸಿ ನೋಡಿದ್ದಳು. ಒಬ್ಬಳ ಮುಖವನ್ನಾದರೂ ನೋಡಿದ್ದಳೇ? ಹೊರಗಿನಿಂದ ಸಾಹೇಬರ ದನಿ ಬಂತು. “ಏನಾದ್ರೂ ಇದೆಯಾ?”

ಅವಳು ಹುಡುಗಿಯ ಹೊಸ ಬಟ್ಟೆಯ ಗುಂಡಿ ಹಾಕತೊಡಗಿದಳು.

“ಏನಮ್ಮಾ, ಕಿವಿ ಕೇಳಿಸ್ತಿಲ್ವಾ? ಏನಾದ್ರೂ ಇದೆಯಾ?”

ಹುಡುಗಿಯ ಕೈ ಹಿಡಿದುಕೊಂಡೇ ಪರದೆಯಕ್ಕ ಹೊರಗೆ ಬಂದಳು. “ಇದೆ ಸಾರ್. ಈ ಮಗು ಇದೆ. ಇವಳು ಇದರ ತಾಯಿ ಅಲ್ಲ.”

ಕೈಚೀಲದವಳು ನಕ್ಕಳು. “ಮಕ್ಕಳ ಮಾತು ಕಟ್ಕೊಂಡು ಏನ್ರೀ ಇದು? ಬೆಳಿಗ್ಗೆ ಬೈದಿದ್ದೆ, ಅದಕ್ಕೆ ಸಿಟ್ಟು ಅವಳಿಗೆ. ಕಾಗದ ನೋಡಿ ಸಾರ್.” ಬೆಣ್ಣೆಯಂಥ ಮಾತು. ಹುಡುಗಿ ಮಾತ್ರ ಪರದೆಯಕ್ಕನ ಬೆನ್ನ ಹಿಂದೆ ಸರಿದಳು.

ಸಾಹೇಬರು ಕಾಗದ ನೋಡಿದರು, ಗಡಿಯಾರ ನೋಡಿದರು, ಬ್ಯಾನರಿನ ಕಡೆ ಮಾತ್ರ ನೋಡಲಿಲ್ಲ. ಕೆಟ್ಟ ಮನುಷ್ಯ ಅಂತಲ್ಲ. ತಲೆನೋವು ಬೇಡ ಅನ್ನುವ ಜಾತಿ, ಅಷ್ಟೇ. ಕೆಟ್ಟವರು ಅರ್ಧ ಕೆಲಸ ಮಾಡಿದರೆ ಉಳಿದರ್ಧ ಇಂಥವರಿಂದಲೇ ಆಗುತ್ತದೆ. “ನೋಡಮ್ಮಾ, ನಿನಗೆ ಅನುಮಾನ ಇದ್ರೆ ನಾನು ಒಳಗೆ ಬಿಡಲ್ಲ. ಅವರ ಕಡೆ ಮಗು. ಇಬ್ಬರನ್ನೂ ವಾಪಸ್ ಕಳಿಸಿಬಿಡ್ತೀನಿ. ನಮ್ಮ ಕೈ ತೊಳೆದ ಹಾಗಾಯ್ತು.”

“ಇಬ್ಬರನ್ನೂ? ಇವಳ ಜೊತೆಗೇ?”

“ಮತ್ತೆ? ಕಾಗದದಲ್ಲಿ ತಾಯಿ ಇವಳೇ ತಾನೆ.”

“ಆ ಫೋನ್ ಮಾಡಿ ಸಾರ್.”

“ಅದಕ್ಕೆ ಮೇಲಿಂದ ಅಪ್ಪಣೆ ಆಗಬೇಕು” ಎಂದು ಸಾಹೇಬರು ಮೊಹರಿನ ಡಬ್ಬಿ ಮುಚ್ಚಿದರು.

ವಾಪಸ್ ಕಳಿಸಿದರೆ ಏನಾಗುತ್ತದೆ ಅಂತ ತಿಳಿಯಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ನಾಳೆ ಇನ್ನೊಂದು ಗೇಟು, ಇನ್ನೊಂದು ಬಸ್ಸು, ಅಲ್ಲಿ ಇನ್ನೊಬ್ಬಳು “ಏನೂ ಇಲ್ಲ ಸಾರ್” ಅನ್ನುವಳು. ಆ ಹಳೇ ಫ್ರಾಕನ್ನು ಯಾವ ಕಸದಬುಟ್ಟಿಗೋ ಹಾಕುವರು. ಪರದೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿಯನ್ನು ಕರೆದುಕೊಂಡು ನೇರ ನಡುಜಾಗಕ್ಕೆ ನಡೆದಳು, ಬೆಂಚಿನ ಮೇಲೆ ಕೂರಿಸಿದಳು, ಆಚೆಯ ಗೇಟಿನ ಕಡೆ ತಿರುಗಿ ಕೂಗಿದಳು. “ಆಚೆಯಕ್ಕಾ, ಕೊಡ ಇಳಿಸಿ ಬಾರೇ ಇಲ್ಲಿ.”

ಆಚೆಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿದಳು. ಹುಡುಗಿಯ ಹೊಸ ಬಟ್ಟೆಯ ಕುತ್ತಿಗೆಯಲ್ಲಿ ಇಣುಕುತ್ತಿದ್ದ ಹಳೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತಮಾಷೆಯ ಆ ಮುಖ ಹಾಗೆ ಬಿಗಿದದ್ದನ್ನು ಪರದೆಯಕ್ಕ ಎಂದೂ ಕಂಡಿರಲಿಲ್ಲ. “ನೀನು ‘ಏನೂ ಇಲ್ಲ’ ಅಂದ್ಯಾ?”

“ಇಲ್ಲ.”

“ಸರಿ. ನಾನೂ ಅನ್ನಲ್ಲ” ಎಂದು ಆಚೆಯಕ್ಕ ಹುಡುಗಿಯ ಇನ್ನೊಂದು ಪಕ್ಕದಲ್ಲಿ ಕೂತುಬಿಟ್ಟಳು.

ಅಷ್ಟೇ ನೋಡಿ. ನಡುಜಾಗದಿಂದ ಯಾವ ಕಡೆ ಹೆಜ್ಜೆ ಇಡಬೇಕಾದರೂ ಹೆಣ್ಣಾದವಳು ಆ ಕಡೆಯ ಪರದೆ ದಾಟಬೇಕು, ಬಂದ ದಾರಿಗೆ ಮರಳುವುದಾದರೂ ಸರಿ. ಎರಡು ಪರದೆಗೆ ಇದ್ದವರು ಇಬ್ಬರೇ ಹೆಂಗಸರು. ಆ ಇಬ್ಬರೂ ಬೆಂಚಿಗೆ ಅಂಟಿಕೊಂಡು ಕೂತರು. ಕೈಚೀಲದವಳು ಮೊದಲು ಈಚೆಯ ಗೇಟಿಗೆ ಹೋದಳು. ಕಂಬದ ಪೇದೆ, “ತಪಾಸಣೆ ಆಗಿಲ್ಲಮ್ಮ” ಅಂದ. ಆಚೆಯ ಗೇಟಿಗೆ ಓಡಿದಳು. ಅಲ್ಲಿಯ ಪೇದೆಯೂ ಅದನ್ನೇ ಅಂದ. ಅವಳ ಬೆಣ್ಣೆ ಮಾತು ಕರಗಿಹೋಗಿ ಒಳಗಿನದು ಹೊರಬಿತ್ತು. ಬಾಯಿಗೆ ಬಂದದ್ದೆಲ್ಲ ಬೈದಳು. ಆ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾವ ತಾಯಿಯೂ ಮಗಳ ಮುಂದೆ ಆ ಮಾತಾಡುವುದಿಲ್ಲ ಅಂದರೆ ಸಾಕು.

ಎರಡೂ ಕಡೆ ಬಸ್ಸುಗಳು ಸಾಲುಗಟ್ಟಿದವು. ಹಾರ್ನು, ಕೂಗಾಟ, ಹೆಂಗಸರ ಗೊಣಗಾಟ. ಗಲಾಟೆ ಕೇಳಿ ಅತ್ತೆ ಊಟದ ಡಬ್ಬಿ ಹಿಡಿದುಕೊಂಡು ಗೇಟಿಗೆ ಬಂದಳು. ಸೊಸೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ, ಎಲ್ಲರೆದುರು ಝಾಡಿಸಬೇಕು ಅಂತಲೇ ಬಂದವಳು. ವಿಷಯ ಕಿವಿಗೆ ಬಿದ್ದ ಮೇಲೆ ಅವಳ ನಾಲಗೆ ಸಾಹೇಬರ ಕಡೆ ತಿರುಗಿತು. “ಏನಪ್ಪಾ, ಎರಡು ಹೆಜ್ಜೆ ನಡೆದು ಆಚೆಯವರನ್ನ ಒಂದು ಮಾತು ಕೇಳೋಕೆ ನಿನಗೆ ಕಾಲು ನೋವಾ? ಆವತ್ತು ಸಭೆ ಊಟಕ್ಕೆ ಮಾತ್ರ ನಡುಜಾಗದ ತನಕ ನಡೆದಿದ್ಯಲ್ಲ.” ಸಾಲಿನಲ್ಲಿ ನಿಂತ ಹೆಂಗಸರು ಗೊಣಗುವುದನ್ನು ಬಿಟ್ಟರು. ನೆರಳಿದ್ದಲ್ಲಿ ಕೂತರು. ನಮಗೇನೂ ಅವಸರ ಇಲ್ಲ ಅಂತ ಒಬ್ಬಳು ಸಾಹೇಬರಿಗೇ ಕೇಳಿಸುವ ಹಾಗೆ ಹೇಳಿದಳು.

“ಕೆಲಸ ಹೋಗುತ್ತೆ ನಿಂದು” ಅಂದರು ಸಾಹೇಬರು.

“ಹೋಗ್ಲಿ ಸಾರ್. ಇಷ್ಟು ದಿನ ಮಾಡಿದ್ದು ಯಾವ ಸೀಮೆ ಕೆಲಸ?” ಪರದೆಯಕ್ಕನ ದನಿ ಏರಿತು. “ಒಂದು ಸರ ಸಿಕ್ಕಿದ್ರೆ ನನಗೆ ಶಭಾಷ್ ಅಂತಿದ್ರಿ. ಮಗು ಸಿಕ್ಕಿದೆ, ವಾಪಸ್ ಕೊಟ್ಟುಬಿಡು ಅಂತೀರಿ. ಸರ ಸಿಕ್ಕಿದ್ರೆ ವಾಪಸ್ ಕೊಡ್ತಿದ್ರಾ?”

ಆಚೆಯ ಸಾಹೇಬರೂ ಅಷ್ಟರಲ್ಲಿ ತಮ್ಮ ಗೇಟಿನಿಂದ ಬಂದಿದ್ದರು. ಮಗು ನಮ್ಮ ಗೇಟು ದಾಟಿ ಆಗಿದೆ, ಇನ್ನು ನಮ್ಮದಲ್ಲ ಅಂದರು. ನಮ್ಮ ಗೇಟು ಇನ್ನೂ ದಾಟಿಲ್ಲ, ಆದ್ದರಿಂದ ನಮ್ಮದೂ ಅಲ್ಲ ಅಂದರು ಈಚೆಯವರು. ಆ ಮಗು ಇಬ್ಬರ ಬಾಯನ್ನೂ ಸರದಿಯಲ್ಲಿ ನೋಡುತ್ತ ಕೂತಿತ್ತು. ಸಿಪ್ಪೆಗೆ ಬಂದ ಗತಿಯೇ ಮಗುವಿಗೂ ಬಂತಲ್ಲ ಅಂತ ಆಚೆಯಕ್ಕನಿಗೆ ಅನಿಸಿರಬೇಕು. ಎದ್ದು ನಿಂತು, ತಮಾಷೆಯ ಲವಲೇಶವೂ ಇಲ್ಲದೆ ಹೇಳಿದಳು. “ಇಬ್ಬರೂ ಒಳಗೆ ಹೋಗಿ ಆ ಫೋನಿನ ಬಟ್ಟೆ ತೆಗೀರಿ ಸಾರ್. ಎದುರಾಬದುರು ಮಾತಾಡಿದ್ರೆ ಜಗಳ ಆಗುತ್ತೆ. ಫೋನಲ್ಲಾದ್ರೆ ಅದು ಸಹಕಾರ, ಮೇಲಿನವರಿಗೂ ಲೆಕ್ಕ ಸಿಗುತ್ತೆ.”

ಬಸ್ಸುಗಳ ಹಾರ್ನು ಇನ್ನೊಮ್ಮೆ ಮೊಳಗಿತು. ಈಚೆಯ ಸಾಹೇಬರು ಒಳಗೆ ಹೋಗಿ ಫೋನೆತ್ತಿದರು. ಆಚೆಯ ಕಚೇರಿಯಲ್ಲಿ ಅದು ಬಡಿದುಕೊಳ್ಳುವುದು ನಡುಜಾಗಕ್ಕೆಲ್ಲ ಕೇಳಿಸಿತು. ಎತ್ತಬೇಕಾದವರು ಇಲ್ಲೇ ಬೆಂಚಿನ ಮುಂದೆ ನಿಂತಿದ್ದರು. “ಓಡಿ ಸಾರ್” ಅಂದಳು ಆಚೆಯಕ್ಕ. ಅವರು ಓಡಿದರು. ಅಷ್ಟು ಬೊಜ್ಜಿನ ಮನುಷ್ಯ ಓಡಿದ್ದನ್ನು ನೋಡಿ ಹುಡುಗಿ ಮೊದಲ ಸಲ ತುಟಿ ಅರಳಿಸಿದಳು.

ಫೋನಿನಲ್ಲಿ ಏನು ಮಾತಾಡಿದರೋ ಕಾಣೆ. ಆದರೆ ಪರದೆಯಕ್ಕನ ಗಂಡ ಆಗ ಅಂಗಡಿಯಿಂದ ಬಂದು, ಮೂರು ದಿನದ ಮಾತನ್ನು ಒಟ್ಟಿಗೆ ಆಡಿದ. “ಬೆಳಿಗ್ಗೆಯಿಂದ ಒಬ್ಬ ನನ್ನ ಅಂಗಡಿ ಪಕ್ಕ ಕಾರಲ್ಲಿ ಕೂತಿದಾನೆ. ಆಚೆ ಬಸ್ ಬಂತಾ, ಆಚೆ ಬಸ್ ಬಂತಾ ಅಂತ ಕೇಳ್ತಾನೇ ಇದಾನೆ. ಈಗ ಗಲಾಟೆ ನೋಡಿ ಹೊರಡೋಕೆ ನೋಡಿದ.”

“ಬಿಟ್ಟುಬಿಟ್ರಾ?” ಅಂದಳು ಹೆಂಡತಿ, ಕಣ್ಣು ಕೆಂಪಗೆ ಮಾಡಿ.

“ನಾಲ್ಕು ಚಕ್ರದ ಗಾಳಿ ತೆಗೆದಿದೀನಿ” ಎಂದ ಅವನು. ಜೀವಮಾನವೆಲ್ಲ ಪಂಕ್ಚರ್ ಹಾಕಿದವನು, ಗಾಳಿ ತೆಗೆದದ್ದು ಅದೇ ಮೊದಲು. ಮಗನಿಗೆ ಬುದ್ಧಿ ಇದೆ ಅಂತ ಅತ್ತೆ ಒಪ್ಪಿಕೊಂಡದ್ದೂ ಅದೇ ಮೊದಲು.

ಕೊಡುವವಳು ಆಚೆಯವಳು, ಕೊಳ್ಳುವವನು ಈಚೆಯವನು. ಒಂದು ಕಡೆಯ ಪೊಲೀಸರು ಹಿಡಿದರೆ ಇನ್ನೊಂದು ತುದಿ ಜಾರಿಕೊಳ್ಳುತ್ತಿತ್ತು. ಇಷ್ಟು ವರ್ಷ ಜಾರಿಕೊಂಡೇ ಬಂದಿತ್ತು. ಆ ದಿನ ಎರಡು ಕಡೆಯ ಪೊಲೀಸರೂ ಒಂದೇ ಹೊತ್ತಿಗೆ ಬಂದರು. ಹುಡುಗಿ ತನ್ನ ಊರಿನ ಹೆಸರನ್ನು ಆಚೆಯಕ್ಕನ ಕಿವಿಯಲ್ಲಿ ಹೇಳಿದಳು. ಆ ಊರಿನ ಠಾಣೆಯಲ್ಲಿ ಕೇಳಿದರೆ, ತಾಯಿಯೊಬ್ಬಳು ದಿನಾ ಬಂದು ಬಾಗಿಲಲ್ಲಿ ಕೂರುತ್ತಾಳೆ ಅಂದರಂತೆ. ಗೇಟು ದಾಟಿದ್ದರೆ ನಾವೇನೂ ಮಾಡುವ ಹಾಗಿಲ್ಲ ಅಂತ ಅವಳಿಗೆ ಹೇಳಿ ಕಳಿಸುತ್ತಿದ್ದರಂತೆ. ಇದನ್ನು ಕೇಳಿದಾಗ ಪರದೆಯಕ್ಕ ಕೈಯಲ್ಲಿದ್ದ ಟೀ ಲೋಟವನ್ನು ಎಸೆದದ್ದು ನಿಜ. ಅದು ಯಾರಿಗೂ ತಾಗಲಿಲ್ಲ, ತಾಗಬೇಕಾದವರು ಅಲ್ಲಿರಲಿಲ್ಲ.

ಇದಾದ ಮೇಲೆ ಇಬ್ಬರು ಸಾಹೇಬರಿಗೂ ಸಹಕಾರದ ಮಾದರಿ ಅಂತ ಪ್ರಶಸ್ತಿ ಬಂತು. ಇಬ್ಬರು ಹೆಂಗಸರಿಗೂ ಕರ್ತವ್ಯಲೋಪ ಅಂತ ನೋಟಿಸು ಬಂತು. ಪರದೆಯಕ್ಕ ಆ ನೋಟಿಸನ್ನು ಕನ್ನಡಿಯ ಹಿಂದಿನ ಮೊಳೆಗೆ ಸಿಕ್ಕಿಸಿದ್ದಾಳೆ. ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ, ಯಾಕೆಂದರೆ ಆ ಜಾಗಕ್ಕೆ ಬೇರೆ ಹೆಂಗಸು ಸಿಕ್ಕಿಲ್ಲ. ಈಗ ತುರುಬಿಗಿಂತ ಮೊದಲು ಮುಖ ನೋಡುತ್ತಾಳೆ. ಇರಲಿ, ನಾನು ಹೇಳಬೇಕಾದದ್ದು ಆ ದಿನದ ಸಂಜೆಯ ಮಾತು.

ಹೊತ್ತು ಇಳಿಯುವಾಗ ಹಾಲಿನ ವ್ಯಾನೊಂದರಿಂದ ತಾಯಿ ಇಳಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಚೆಯ ಗೇಟಿನ ಪೇದೆ ಕಂಬಕ್ಕೆ ಕೈ ಇಟ್ಟು ಕಾಗದ ಕೇಳಿದ. ಅವಳ ಹತ್ತಿರ ಒಂದೂ ಇರಲಿಲ್ಲ. ಕದ್ದೊಯ್ಯುವವಳ ಕೈಚೀಲದಲ್ಲಿ ಎಲ್ಲ ಕಾಗದ, ಹೆತ್ತವಳ ಕೈಯಲ್ಲಿ ಏನೂ ಇಲ್ಲ. ಮಗುವನ್ನು ಅವಳ ಹತ್ತಿರ ಕಳಿಸಿ ಅಂದರೆ, ಆದೇಶ ಬರುವತನಕ ಮಗು ನಡುಜಾಗ ಬಿಡುವಂತಿಲ್ಲ ಅಂದರು. ಹಾಗಾದರೆ ತಾಯಿ ನಡುಜಾಗಕ್ಕೆ ಬರಲಿ ಅಂದರೆ, ಹೊರಹೋಗುವವರಿಗೆ ತಪಾಸಣೆ ಇಲ್ಲದಿದ್ದರೂ ಕಾಗದವಿಲ್ಲದ ಹೆಣ್ಣಿಗೆ ಆಗಲೇಬೇಕು ಅಂದರು. ಆಚೆಯಕ್ಕ ಹಲ್ಲು ಕಚ್ಚಿಕೊಂಡು ಎದ್ದುಹೋಗಿ ಅವಳನ್ನು ತನ್ನ ಪರದೆಯೊಳಗೆ ಕರೆದುಕೊಂಡಳು.

ಬೆಂಚಿನ ಮೇಲಿದ್ದ ಹುಡುಗಿ ಗಡಿಬಿಡಿಯಿಂದ ಹೊಸ ಬಟ್ಟೆಯ ಗುಂಡಿ ಬಿಚ್ಚತೊಡಗಿದಳು. ಬಿಗಿಯಾದ ಹೊಸ ಕಾಜಿನಿಂದ ಗುಂಡಿ ಹೊರಬರಲಿಲ್ಲ. ಪರದೆಯಕ್ಕ ಮಂಡಿಯೂರಿ ತಾನೇ ಬಿಚ್ಚಿಕೊಟ್ಟಳು. ಹೊಸ ಬಟ್ಟೆ ಕೆಳಗೆ ಬಿತ್ತು.

ಆಚೆಯ ಸಾಹೇಬರು ಅಭ್ಯಾಸದಂತೆ ತಲೆ ಎತ್ತದೆಯೇ ಕೇಳಿದರು. “ಏನಾದ್ರೂ ಇದೆಯಾ?”

ಪರದೆಯೊಳಗಿನಿಂದ ಬಂದದ್ದು ಬಿಕ್ಕುವ ದನಿ. ಆಚೆಯಕ್ಕ ಅಳುತ್ತಿದ್ದಳು. ಯಾರ ಗೇಟು, ಯಾರ ಪರದೆ ಅಂತ ನೋಡದೆ ಈಚೆಯವಳು ನಡುಜಾಗದಿಂದ ಗಟ್ಟಿಯಾಗಿ ಹೇಳಿದಳು. “ಇದೆ ಸಾರ್. ಅವ್ವ ಇದಾಳೆ. ಕಂಬ ಎತ್ತಿ.”

ಕಂಬ ಎದ್ದಿತು. ತಾಯಿ ಓಡಿ ಬಂದಳು. ಹುಡುಗಿ ಎರಡೂ ಕೈಯಲ್ಲಿ ಫ್ರಾಕಿನ ಅಂಚನ್ನು ಅಗಲವಾಗಿ ಹಿಡಿದು, ತೇಪೆಯ ತೋಳನ್ನು ಮುಂದೆ ಚಾಚಿ, “ಅಮ್ಮಾ, ಇದು ನೋಡು, ಇದು ನಾನು” ಅನ್ನುತ್ತಲೇ ಇದ್ದಳು. ತಾಯಿ ಫ್ರಾಕನ್ನು ನೋಡಲೇ ಇಲ್ಲ.